ಅಮಾಸಿ ಪಾಳಿ

ಸಮುದ್ರ ನಾ ನೋಡಿಲ್ಲ.
ಹುಮನಾಬಾದ ರಿಂಗ್ ರೋಡಿನ ಟೈಲ್ಸ್ ಅಂಗಡಿ ಮ್ಯಾಲ,
ಮೂರನೇ ಅಂತಸ್ತಿನಾಗ, ಕೂಲರಿಗೆ ಬೆನ್ನು ಕೊಟ್ಟು
ದಿನಾ ರಾತ್ರಿ ಕಾಯ್ತೀನಿ ಅದನ್ನ.

ಒಂದೂವರಿಗೆ ಉಪಗ್ರಹ ನೆತ್ತಿ ದಾಟ್ತದ.
ಸಪ್ಪಳಿಲ್ಲ. ಓಣಿ ನಾಯಿ ಸುದ್ದಾ ತಲಿ ಎತ್ತಂಗಿಲ್ಲ.
ನಾಕರ ಹೊತ್ತಿಗೆ ಚಿತ್ರ ಬರ್ತದ:
ಬಲಕ್ಕ ನೆಲ, ಕೆಂಡ ಚೆಲ್ಲಿದಂಗ ಊರು;
ಎಡಕ್ಕ ರೊಟ್ಟಿ ಹಂಚಿನ ತಳದಂಥ ಕಪ್ಪು.
ಆ ಕಪ್ಪಿನಾಗ ಅಲ್ಲೊಂದು ಇಲ್ಲೊಂದು ಬಿಳಿ ಜೋಳದ ಕಾಳು.
ಒಂದೊಂದು ಕಾಳು ಒಂದೊಂದು ಬೋಟು.

ಕಾಳು ಹೆಕ್ಕೋದು ನನ್ನ ಕೆಲಸ.
ಯಾವುದು ಹಡಗು, ಯಾವುದು ದೀಪಸ್ತಂಭ,
ಯಾವುದು ಬರೇ ಬೆಳದಿಂಗಳು ಮೋಡಕ್ಕ ಬಡದದ್ದು.
ತಮ್ಮ ಹೆಸರು ತಾವೇ ರೇಡಿಯೋದಾಗ ಹೇಳ್ಕೊಂತ ಹೋಗೋವು ಬ್ಯಾರೆ.
ಬಾಯಿ ಮುಚ್ಚಿ ಕಣ್ಣಷ್ಟ ತೆರದವು ಬ್ಯಾರೆ.
ಅವುಕ್ಕ ಕೆಂಪು ಸುತ್ತು.
ಸಾವಿರಾರು ವ್ಯಾಟಿನ ದೀಪ ನೀರಿಗೆ ಹಿಡದು
ಮೀನಿಗೆ ಹಗಲಾತು ಅಂತ ಸುಳ್ಳು ಹೇಳೋ ಬೋಟು.

ಮಶಾಕ್ ಸರ್ ಮೊದಲೇ ಹೇಳ್ಯಾರ:
"ಅಮಾಸಿ ಮುಂದ ರಜಾ ಕೇಳಬ್ಯಾಡವ್ವಾ."
ಅಮಾಸಿಗೆ ನಮ್ಮ ಮಂದಿ ಘತ್ತರಗಿ ಬಸ್ಸಿನ ಬಾಗಲಿಗೆ ಜೋತು ಬೀಳ್ತಾರ,
ಅಲ್ಲಿ ಅವರು ಸ್ವಿಚ್ ಒತ್ತತಾರ.

ನಮ್ಮದೂ ಬಲಿ ಹೆಣೆಯೋ ಮನಿತನ.
ಮುತ್ಯಾ ಭೀಮಾದಾಗ ಹರಿಗೋಲು ತಿರುವ್ತಿದ್ದ,
ಗಳಕ್ಕ ಕಂದೀಲು ಕಟ್ಟಿ.
ಮೊದಲ ಮಳಿಗೆ ಹೊಳಿ ಕೆಂಪಾದಾಗ
ತತ್ತಿ ಮೀನು ಏರೋ ಹೊತ್ತಂತ
ಬಲಿ ಜಂತಿಗೆ ಸಿಗಸಿ ಬಿಡ್ತಿದ್ದ.
ಯಾರು ನೋಡ್ತಾರ ಮುತ್ಯಾ, ಅಂದ್ರ
ಎಲಿ ಉಗುಳಿ ನಗತಿದ್ದ, ಉತ್ತರ ಹೇಳತಿದ್ದಿಲ್ಲ.
ಕದ್ದು ಹಿಡದದ್ದೂ ಇತ್ತು ಅಂತ ಆಯಿ ಅಂತಾಳ.

ಒಮ್ಮೆ ಕೆಲಸ ಕಮ್ಮಿ ಇದ್ದಾಗ ನಮ್ಮ ಹೊಳಿ ಹುಡುಕಿದೆ.
ಶಹಾಬಾದ, ವಾಡಿ, ಸೇಡಂ,
ಸಿಮೆಂಟ್ ಕಾರ್ಖಾನಿ ಎಲ್ಲಾ ಧಗಧಗ.
ಭೀಮಾ ಬರೇ ಒಂದು ಕರಿ ದಾರ.
ಹತ್ತಾರು ದೊಡ್ಡ ಬಲ್ಬು ಒಮ್ಮೆಲೇ ಉರದರ
ಈ ಕಣ್ಣಿಗೆ ಲೆಕ್ಕ; ಕಂದೀಲಲ್ಲ.

ಚಿಗವ್ವನ ಮಗ ಸಾಯಬಣ್ಣ ಮಲ್ಪೆಗೆ ಹೋಗಿ ಎರಡು ವರ್ಷ.
ಮೊನ್ನೆ ಫೋನ್ ಮಾಡಿದ್ದ:
"ಭಾಗಕ್ಕಾ, ನಡುರಾತ್ರಿ ಇಲ್ಲಿ ಸೂಜಿ ಪೋಣಿಸಬಹುದು.
ಬಲ್ಬಿನ ಕಾವಿಗೆ ಮಾರಿ ಸುಡತದ.
ಬಂಗಡೆ ತಾವೇ ಮ್ಯಾಲ ಬರತಾವ, ಮರಿ ಸುದ್ದಾ,
ಬೆರಳಿನಷ್ಟು. ಅವುನ್ನ ಹಿಟ್ಟಿನ ಫ್ಯಾಕ್ಟರಿಗೆ ಹಾಕತಾರ."
ದಂಡಿಯಿಂದ ಎಷ್ಟು ದೂರ ಹೋಗ್ತೀರಿ, ಅಂದೆ.
"ಯಾರಿಗೆ ಗೊತ್ತು. ದಂಡಿ ಕಾಣಂಗಿಲ್ಲ."
ನನ್ನದು ಕಂಪ್ಯೂಟರ್ ಕೆಲಸ
ಅಂತಷ್ಟ ಗೊತ್ತು ಅವಗ.

ಇವತ್ತಿನ ಚಿತ್ರದಾಗ ಮಲ್ಪೆಯಿಂದ ನೇರ ಪಡುವಣಕ್ಕ
ಒಂಬತ್ತು ಕಾಳು, ಗುಂಪಾಗಿ, ಬಾಯಿ ಮುಚ್ಚಿ.
ದೊಡ್ಡದು ಮಾಡಿ ನೋಡಿದೆ. ದೊಡ್ಡದು ಮಾಡಿದಷ್ಟೂ
ಬಿಳಿ ಚೌಕ ಬಿಳಿ ಚೌಕವಾಗೇ ಹಿಗ್ಗತದ,
ಒಳಗ ಯಾರೂ ಇಲ್ಲ.
ದಂಡ ಬೀಳೋದು ಮಾಲಕಗ.
ಬೋಟು ಬಂದರದಾಗ ಕಟ್ಟಿದ ಮ್ಯಾಲ
ಪಗಾರ ನಿಲ್ಲೋದು ಇವನದು.

ಸುತ್ತು ಹಾಕಿದೆ. ಒಂಬತ್ತಕ್ಕೂ.
ಖಾತ್ರಿ ಎಷ್ಟು ಅಂತ ಕೇಳೋ ಖಾನೆ ಒಂದದ.
ತೊಂಬತ್ತು ಅಂತ ಬರದೆ. ಅಳಸಿದೆ.
ಕೂಲರಿಗೆ ಒಂದು ಕೊಡ ನೀರು ಹಾಕಿ ಬಂದು
ಮತ್ತ ತೊಂಬತ್ತೇ ಬರದೆ.
ಫೋನ್ ಹಚ್ಚಿದರ ಸಾಯಬಣ್ಣ ವ್ಯಾಪ್ತಿ ಪ್ರದೇಶದ ಹೊರಗ ಇದ್ದ.

ಬೆಳಕು ಹರಿಯೋದ್ರಾಗ ಸೂಪರ್ ಮಾರ್ಕೆಟಿನಾಗ
ಐಸಿನ ಡಬ್ಬಿ ಇಳಸಲಿಕತ್ತಿದ್ದರು.
ಬಂಗಡೆ. ಸಣ್ಣವು. ಕಣ್ಣು ಬೆಳ್ಳಗ.
ಬ್ಯಾಡ ಬ್ಯಾಡ ಅನಕೊಂತನೇ ಅರ್ಧ ಕಿಲೋ ಕಟ್ಟಿಸಿದೆ.
ಆಯಿ ಒಂದನ್ನ ಬಾಲ ಹಿಡದು ಎತ್ತಿ ಮೂಸಿದಳು.
ಹೊಳಿ ವಾಸನಿ ಇಲ್ಲ.
"ಯಾವ ನೀರಿಂದ ಇದು?"
ಹದಿಮೂರು ಡಿಗ್ರಿ ಉತ್ತರ, ಎಪ್ಪತ್ನಾಕು ಪೂರ್ವ,
ಬಾಯಿ ತನಕ ಬಂತು.
"ಉಪ್ಪು ನೀರಿಂದು" ಅಂದೆ,
ಈಳಿಗಿ ಹುಡುಕಲಿಕ್ಕೆ ಎದ್ದೆ.