ಹದಿನೇಳನೆಯ ತುಂಡು

ಬೇರೆ ಯಾರೂ ಕೈ ಎತ್ತಲಿಲ್ಲ,
ಹಾಗಾಗಿ ನಾನು ಕಾರ್ಯದರ್ಶಿ.
ಮೂವತ್ತೊಂದು ವರ್ಷ ಸ್ವಾನ್ಸೀಯಲ್ಲಿ ಬಸ್ಸು ಓಡಿಸಿದವಳಿಗೆ
ಜನರನ್ನು ಕಾಯಿಸುವುದು, ಅವರಿಂದ ಬೈಸಿಕೊಳ್ಳುವುದು
ಹೊಸತೇನಲ್ಲ.

ಗುಡ್ಡದ ಓರೆಗೆ ನಲವತ್ತೆರಡು ತುಂಡು.
ಕೆಳಗೆ ಕೊಲ್ಲಿ, ಮೇಲೆ ಗಾಳಿ, ನಡುವೆ ಒಂದೇ ನಲ್ಲಿ.
ಒಂದೊಂದೂ ಹತ್ತು ಕೋಲು ನೆಲ
ಎನ್ನುತ್ತದೆ ಹಳೆಯ ಕಾಗದ;
ಕೋಲು ಯಾರದ್ದು, ಎಷ್ಟುದ್ದ, ಅದನ್ನು ಹೇಳುವುದಿಲ್ಲ.
ಬೇಲಿ ಸರಿಸಿ ಸರಿಸಿ
ಎಂಟನೆಯದು ಒಂಬತ್ತನೆಯದರ ಗೇಣು ನುಂಗಿದೆ,
ಒಂಬತ್ತನೆಯದು ಕಾಲುಹಾದಿಯನ್ನು.
ಹಾದಿ ದೂರು ಕೊಡುವುದಿಲ್ಲ.

ನನ್ನ ಬಳಿ ಎರಡು ಪುಸ್ತಕ.
ಒಂದರಲ್ಲಿ ನೆಲ ಇರುವವರು,
ಇನ್ನೊಂದರಲ್ಲಿ ಕಾಯುವವರು.
ಎರಡನೆಯದೇ ದಪ್ಪ.
ಇಫ್ರಾ ಗೂಲೆದ್ ಅದರಲ್ಲಿ ಆರು ವರ್ಷ ಇದ್ದಳು.
ಪ್ರತಿ ಮಾರ್ಚಿಗೆ ಒಂದು ಫೋನು: "ಯಾರಾದರೂ...?"
"ಸತ್ತರಾ" ಅನ್ನುವುದನ್ನು
ಮರ್ಯಾದೆಗೆ ನುಂಗಿಕೊಂಡು.

ಹದಿನೇಳನೆಯದು ಎಮ್ಲಿನ್ ಪ್ರೋಸರನದು.
ಎರಡು ವರ್ಷದಿಂದ ಅವನ ಸೊಂಟ ಬಾಗದು.
ಅರ್ಧದಲ್ಲಿ ಆಲೂಗಡ್ಡೆ, ಗೆರೆ ಕೊಯ್ದ ಹಾಗೆ ಸಾಲು;
ಉಳಿದರ್ಧ ಎದೆಮಟ್ಟ ತುರಿಕೆಗಿಡ.
ನಿಯಮ ನಾಲ್ಕು: ಮುಕ್ಕಾಲು ಪಾಲಾದರೂ ಸಾಗುವಳಿ ಇರತಕ್ಕದ್ದು.
ಬರೆದ ಸಮಿತಿಗೆ ಅವನೇ ಅಧ್ಯಕ್ಷ, ಕೆಳಗೆ ಅವನದೇ ಸಹಿ.
ಮೊದಲ ನೋಟೀಸು ಬರೆದೆ.
ಅದನ್ನು ಮಡಿಸಿ ಬಟಾಣಿ ಬೀಜ ಕಟ್ಟಿಕೊಂಡ.
ಎರಡನೆಯದು ಬರೆದೆ.
ಒಂದು ವಾರ ನನ್ನೊಡನೆ ಮಳೆಯ ಮಾತನ್ನೂ ಆಡಲಿಲ್ಲ,
ವೇಲ್ಸಿನಲ್ಲಿ ಅದಕ್ಕಿಂತ ದೊಡ್ಡ ಮುನಿಸಿಲ್ಲ.
ಮೂರನೆಯದು ಬರೆದು
ಚೀಲದಲ್ಲಿಟ್ಟುಕೊಂಡೇ ತಿರುಗಿದೆ, ಹದಿನೈದು ದಿನ.

ಆಮೇಲೆ ಸೆಪ್ಟೆಂಬರಿನ ಒಂದು ಭಾನುವಾರ, ನಲ್ಲಿಯ ಹತ್ತಿರ,
ಕ್ಯಾನಿನ ತಳ ನೋಡುತ್ತ ಅವನೇ ಅಂದ:
"ಸೀಳಿಬಿಡು. ಇಡಿಯಾಗಿ ಕಿತ್ತುಕೊಳ್ಳಬೇಡ."

ಅಳತೆಗೆ ಮೂವರು. ನವೆಂಬರು.
ದಾರದ ಒಂದು ತುದಿ ಇಫ್ರಾಳ ಕೈಯಲ್ಲಿ, ಒಂದು ನನ್ನ ಕೈಯಲ್ಲಿ,
ನಡುವೆ ಅವನು, ಊರುಗೋಲು ಹಿಡಿದ ತೀರ್ಪುಗಾರ.
ಶೆಡ್ಡು ಅವನಿಗೆ. ಗೊಬ್ಬರದ ಗುಂಡಿ ಇಬ್ಬರಿಗೂ.
ಸೇಬಿನ ಮರ ಅವನದು, ಅದರ ನೆರಳು
ಎಲೆ ಬಂದ ಮೇಲೆ, ಮಧ್ಯಾಹ್ನದ ಹೊತ್ತು, ಅವಳದು;
ಅದನ್ನು ಬರೆಯಲು ಪುಸ್ತಕದಲ್ಲಿ ಅಂಕಣವಿಲ್ಲ.
ಬಿಗಿಯಾಗಿ ಎಳೆದೆವು.
ದಾರ ಹೋಗಿ ಕೂತದ್ದು
ಸರಿಯಾಗಿ ರೂಬಾರ್ಬಿನ ನೆತ್ತಿಯ ಮೇಲೆ.

ಅವನಪ್ಪ ತಗಡಿನ ಕಾರ್ಖಾನೆಯಿಂದ ಬಂದವನು
ಬೂಟು ಕೂಡ ಬಿಚ್ಚದೆ ನೆಟ್ಟದ್ದಂತೆ.
ಒಂದು ಕಾಲಕ್ಕೆ ಕೊಡೆಯಗಲ ಎಲೆ, ಮಣಿಕಟ್ಟಿನ ದಪ್ಪ ಕೆಂಪು ದಂಟು.
ಈಗ ಎಲೆ ಸತ್ತು ಮಣ್ಣಿಗಂಟಿತ್ತು.
ನಾನಂದೆ: ಒಂದು ಮೊಳ ಆಚೆ ಸರಿಸೋಣ.
ಇಫ್ರಾ ಅಂದಳು: ಎರಡು ಸರಿಸಿ, ಅದೇನೆಂದೇ ನನಗೆ ಗೊತ್ತಿಲ್ಲ.
ಎಮ್ಲಿನ್ ಏನೂ ಅನ್ನಲಿಲ್ಲ. ಸಲಿಕೆಗೆ ಕೈ ಚಾಚಿದ.
ಬಾಗಲಾರದವನು ನಿಂತೇ
ಅಲಗನ್ನು ನಡುನೆತ್ತಿಗಿಟ್ಟು ಬೂಟಿನಿಂದ ಮೆಟ್ಟಿದ.
ಕರ್ರ್ ಎಂದಿತು, ಹಸಿ ಸೌದೆ ಸೀಳಿದ ಹಾಗೆ.
ಒಳಗೆ ಹಳದಿ, ಒದ್ದೆ,
ನಟ್ಟನಡುವೆ ಮುಷ್ಟಿಯಷ್ಟು ಕೊಳೆತಿತ್ತು.

"ಐದು ವರ್ಷಕ್ಕೊಮ್ಮೆ ಸೀಳಬೇಕು," ಅಂದ.
"ಹನ್ನೆರಡಾಯಿತು, ಮುಟ್ಟಿಲ್ಲ.
ದಂಟು ವರ್ಷವರ್ಷವೂ ತೆಳ್ಳಗಾಗುತ್ತಿತ್ತು. ನೋಡುತ್ತಿದ್ದೆ."

ಅರ್ಧವನ್ನು ಕಾಲಿನಿಂದ ಅವಳ ಕಡೆಗೆ ದೂಡಿದ.
"ಎಲೆ ತಿನ್ನಬೇಡ, ವಿಷ. ದಂಟಿಗೆ ಸಕ್ಕರೆ ಹಾಕು,
ಸಾಕು ಅನ್ನಿಸಿದ ಮೇಲೂ ಹಾಕು.
ಮೊದಲ ವರ್ಷ ಮಾತ್ರ ಒಂದನ್ನೂ ಕೀಳಕೂಡದು."
"ಆರರ ಮೇಲೆ ಇನ್ನೊಂದಾ?" ಅಂದಳು ಇಫ್ರಾ.
ಅವನು ನಕ್ಕದ್ದೋ, ಸೊಂಟ ಹಿಡಿದದ್ದೋ,
ಮುಖ ಮಾತ್ರ ಹಾಗಾಯಿತು.

ಮನೆಗೆ ಬಂದು ಬರೆದೆ: ಹದಿನೇಳು ಎ, ಹದಿನೇಳು ಬಿ.
ದಪ್ಪ ಪುಸ್ತಕದಲ್ಲಿ ಅವಳ ಹೆಸರಿಗೆ ಗೆರೆ ಎಳೆದೆ;
ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಏರಿದರು,
ತಮಗೇ ಗೊತ್ತಿಲ್ಲದೆ, ನಿದ್ದೆಯಲ್ಲಿ.
ಮೂರನೆಯ ನೋಟೀಸು ಚೀಲದಲ್ಲೇ ಇತ್ತು.
ಅದರ ಬೆನ್ನಿಗೆ ಬೇಸಿಗೆಯ ನೀರಿನ ಪಾಳಿ ಬರೆಯಲು ಕೂತೆ:
ಮಂಗಳವಾರ ಸಂಜೆ, ಪ್ರೋಸರ್, ಗೂಲೆದ್, ಒಂದೇ ಕೊಳವೆ.

ಎಂಟನೆಯವರಿಗೂ ಹೇಳಿ ಕಳಿಸಿದ್ದೇನೆ,
ಶನಿವಾರ ದಾರ ತರುತ್ತೇನೆಂದು.