ವಿಶೇಷವೇನಿಲ್ಲ

ಶನಿವಾರ. ಅಡುಗೆಮನೆಯಲ್ಲಿ ಮಗ್ನ್‌ಹಿಲ್ದ್
ಹಾಲುಗಂಜಿಯ ಮೇಲೆ ದಾಲ್ಚಿನ್ನಿ ಉದುರಿಸುತ್ತಿದ್ದಳು.
ಶೆಟ್ಲೆಂಡಿನ ಈಶಾನ್ಯಕ್ಕೆ ಎಪ್ಪತ್ತು ಮೈಲಿ,
ಅಲೆ ಮೂರು ಮೀಟರ್, ಮೇಲೆ ಸ್ವಲ್ಪ.
ರಿಗ್ಗಿನ ಎಂಟು ಲಂಗರುಗಳಲ್ಲಿ ಮೂರನ್ನು ಎತ್ತಿದ್ದೆವು.
ನಾಲ್ಕನೆಯದು ಮಣ್ಣು ಬಿಡಲೊಲ್ಲದು.

ಹಡಗು ಹೋಗುವ ದಿಕ್ಕಿಗೆ ಬೆನ್ನು ಹಾಕಿ
ಕೂತು ದುಡಿಯುವವಳು ನಾನು.
ಬಲಗೈಯಲ್ಲಿ ವಿಂಚಿನ ಸನ್ನೆ, ಎಡಗೈಯ ಪಕ್ಕದಲ್ಲೇ
ಮುಚ್ಚಳದಡಿ ಕೆಂಪು ಗುಂಡಿ:
ಎಲ್ಲವನ್ನೂ ಕಡಲಿಗೆ ಬಿಟ್ಟುಬಿಡುವ ಗುಂಡಿ.
ಹನ್ನೊಂದು ವರ್ಷ ಅದರ ಧೂಳು ಒರೆಸಿದ್ದೇನೆ.

ಕೆಳಗೆ ಡೆಕ್ಕು. ಹಿಂತುದಿಗೆ ಗೋಡೆಯಿಲ್ಲ,
ಅಡ್ಡಲಾಗಿ ಒಂದು ದಪ್ಪ ಉರುಳೆ ಮಾತ್ರ.
ಅದನ್ನು ದಾಟಿ ಕಡಲು ಒಳಗೆ ಬರುತ್ತದೆ
ಚಪ್ಪಲಿ ಕಳಚದ ನೆಂಟನ ಹಾಗೆ.

ಉಕ್ಕಿನ ಹಗ್ಗ ನನ್ನ ಮಣಿಕಟ್ಟಿಗಿಂತ ದಪ್ಪ.
ಬಿಗಿಯಾದಂತೆ ಒಡಲ ನೀರನ್ನೂ ಗ್ರೀಸನ್ನೂ ಹಿಂಡಿಕೊಂಡು
ಗೊಣಗುತ್ತದೆ, ನರಳುತ್ತದೆ.
ಗೊಣಗುವಷ್ಟು ಹೊತ್ತು ಪರವಾಗಿಲ್ಲ.

ಹಾಲ್ದೂರ್, ಫಾರೋ ದ್ವೀಪದವನು, ಡೆಕ್ಕಿನ ಯಜಮಾನ.
ಎಡಗೈಯಲ್ಲಿ ಉಳಿದಿದ್ದು ಮೂರು ಬೆರಳು.
ಹೊಸಬರ ಕೈ ಕುಲುಕುವುದು ಆ ಕೈಯಲ್ಲೇ.
ಬೇರೆ ಪಾಠ ಮಾಡಿದ್ದನ್ನು ನಾನು ಕಂಡಿಲ್ಲ.
ಸೋಲ್ವೆ ಅದನ್ನು ಕುಲುಕಿ ಏಳು ದಿನವಾಗಿತ್ತು.
ಫೊಸ್ನವಾಗಿನ ಹುಡುಗ, ಹತ್ತೊಂಬತ್ತು,
ಹೆಲ್ಮೆಟ್ಟು ಒಂದು ಸುತ್ತು ದೊಡ್ಡದು.

ನೂರ ನಲವತ್ತು ಟನ್ನು.
ನೂರ ಐವತ್ತೈದು.
ರಿಗ್ಗಿನಿಂದ ರೇಡಿಯೋ: ಇನ್ನೊಂಚೂರು.
(ಇನ್ನೊಂಚೂರಿಗೆ ತೂಕದ ಕಲ್ಲಿಲ್ಲ.)
ಹಗ್ಗ ಎಡಗೂಟಕ್ಕೆ ಒರಗಿತು. ಹಡಗೂ ಒರಗಿತು,
ಮೂರು ಡಿಗ್ರಿ, ನಾಲ್ಕು,
ನನ್ನ ಕಾಫಿ ಮಗ್ಗು ಮೇಜಿನ ಅಂಚಿನವರೆಗೆ
ತಾನಾಗಿ ನಡೆದುಹೋಗಿ ಬಗ್ಗಿ ನೋಡಿತು.

ಎಳೆದರೆ ಹರಿದೀತು ಎಂಬುದು ಗಾದೆ.
ಹರಿದರೆ ಯಾರ ಕಡೆ ಬಂದೀತು
ಎಂಬುದು ನಮ್ಮ ಕೆಲಸ.

ಆಗ ರೇಡಿಯೋದಲ್ಲಿ ಒಡೆದ ದನಿ:
ನಿಲ್ಲಿಸಿ.
ಯಾರದೆಂದು ತಕ್ಷಣ ತಿಳಿಯಲಿಲ್ಲ.
ನಿಲ್ಲಿಸಿ. ಎಳೆ ಬಿಚ್ಚಿದೆ. ನಾನು ನೋಡಿದೆ.

ಕಪ್ತಾನ ಓದ್‌ಲೇವನ ಮೂವತ್ತು ವರ್ಷದ ಕೈ
ಹತ್ತೊಂಬತ್ತು ವರ್ಷದ ಗಂಟಲಿಗೆ
ಒಂದು ಉಸಿರಿನಷ್ಟೂ ಕಾಯದೆ ಮಣಿಯಿತು.
ಎಂಜಿನ್ನು ಇಳಿಯಿತು. ನಾನು ಸಡಿಲ ಬಿಟ್ಟೆ:
ನೂರು, ಅರವತ್ತು, ಹದಿನೆಂಟು.
ಏಕೆ ಎಂದಿತು ರಿಗ್ಗು.
ಹುಡುಗ ಬೇಡ ಅಂದ, ಎಂದ ಓದ್‌ಲೇವ್,
ಮತ್ತು ರೇಡಿಯೋ ಕೆಳಗಿಟ್ಟ.

ಹಾಲ್ದೂರ್ ನಡೆದು ಹೋದ, ಹಗ್ಗ ಸತ್ತಂತೆ ಮಲಗಿದ ಮೇಲೆ.
ಮಂಡಿಯೂರಿದ. ಕೈಗವಸು ಬಿಚ್ಚಿ ತಡವಿದ
ಜ್ವರ ನೋಡುವವರ ಹಾಗೆ.
ಎರಡು ಬೆರಳಲ್ಲಿ ಏನನ್ನೋ ಕಿತ್ತು ಮೇಲೆತ್ತಿ ತೋರಿಸಿದ:
ನೂಲು. ಯಾವುದೋ ಮೀನುಬಲೆಯ ಬೂದು ನೈಲಾನ್ ನೂಲು,
ಉಕ್ಕಿಗೆ ಸಿಕ್ಕಿ ಗಾಳಿಗೆ ನಿಮಿರಿ ನಿಂತಿತ್ತು
ಜವೆಗೋಧಿ ತೆನೆಯ ಮುಳ್ಳಿನಂತೆ.

ಕಂಬಿಯ ಹಿಂದೆ ಹುಡುಗನ ಕಿವಿ ಕೆಂಪಾಗಿದ್ದು
ನನಗೆ ಅಷ್ಟು ಎತ್ತರದಿಂದಲೂ ಕಂಡಿತು.
ಯಾರೂ ನಗಲಿಲ್ಲ.
ಹಾಲ್ದೂರ್ ಅವನ ಮುಂದೆ ನಿಂತು
ಬಲಗೈ ಚಾಚಿದ.

ದಿನಚರಿಯಲ್ಲಿ ನಾನೇ ಬರೆದೆ:
೧೧.೪೦ ಕೆಲಸ ನಿಲ್ಲಿಸಲಾಯಿತು. ಹಗ್ಗ ಪರೀಕ್ಷಿಸಲಾಯಿತು.
೧೨.೨೫ ಮತ್ತೆ ಶುರು, ಬೇರೆ ಕೋನದಿಂದ.
ವಿಶೇಷವೇನಿಲ್ಲ.

ಎರಡು ಗಂಟೆಗೆ ಲಂಗರು ಬಂತು,
ಕೊಕ್ಕೆಯ ತುಂಬ ಕಡಲತಳದ ಬೂದು ಜೇಡಿ.
ಗಂಜಿ ಆರಿ ಕೆನೆಗಟ್ಟಿತ್ತು. ಮಗ್ನ್‌ಹಿಲ್ದ್ ಬೈಯುತ್ತಲೇ ಬಿಸಿ ಮಾಡಿದಳು.
ಸೋಲ್ವೆ ಎರಡು ಬಟ್ಟಲು ತಿಂದ.
ಮೂರನೆಯದಕ್ಕೆ ಚಾಚಿದ ಕೈ
ಇನ್ನೂ ನಡುಗುತ್ತಿತ್ತು.