ಮೂವತ್ತಾರನೆಯದು

ಬುಕಾರೆಸ್ಟಿನ ಹತ್ತನೇ ಮಹಡಿ; ತಾರಸಿಯ ಡಾಂಬರು
ಚಪ್ಪಲಿಗೆ ಅಂಟುತ್ತಿತ್ತು.
ಪಾಸ್‌ಪೋರ್ಟ್ ಫೋಟೋ ತೆಗೆಯುವ ಝಾಂಫಿರ್ ಮಾವ
ಹಳೇ ಝೆನಿತ್ ಕ್ಯಾಮೆರಾದ ಕಣ್ಣಿಗೆ ಕಟ್ಟಿದ್ದ
ತೀರಿಕೊಂಡ ಹೆಂಡತಿಯ ಎಕ್ಸ್‌ರೇಯ ಒಂದು ಚೂರು.
ಎರಡು ಪಕ್ಕೆಲುಬುಗಳ ಸಂದಿಯಲ್ಲಿ
ಸೂರ್ಯ ಸವೆಯುತ್ತ ಬಂದ.

ನಾನು ಎಣಿಸಬೇಕು, ಅವನು ಒತ್ತಬೇಕು, ಅಷ್ಟೇ ಕರಾರು.
ಮೂವತ್ತೈದು ಅಂದಾಗ ಬೀದಿದೀಪ ಹತ್ತಿದವು,
ಬೀದಿನಾಯಿಗಳು ಒಮ್ಮೆಲೇ ಬಾಯಿ ಮುಚ್ಚಿದವು.
“ಮಾವಾ, ಈಗ ಎಕ್ಸ್‌ರೇ ಬಿಚ್ಚು!”
ಬಿಚ್ಚಿದ.
ಬಿಚ್ಚಿದ್ದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ;
ಕ್ಯಾಮೆರಾ ಕೊರಳಲ್ಲಿ ತೂಗುತ್ತಿತ್ತು.
ಬೆಳಕು ಮರಳಿದಾಗ ಯಾರೋ ಚಪ್ಪಾಳೆ ಹೊಡೆದರು.

ಒಂದು ಉಳಿದಿತ್ತಲ್ಲ, ವ್ಯರ್ಥವೇಕೆ ಎಂದು
ಮರುದಿನ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ:
“ಗದ್ದ ಎತ್ತು. ಮಿಟುಕಿಸಬೇಡ.”
ನೆಗೆಟಿವ್ ಈಗ ನನ್ನ ಹತ್ತಿರ ಇದೆ.
ಮೂವತ್ತೈದು ಕರಿ ಸೂರ್ಯರು,
ಕೊನೆಗೆ, ಹದಿನಾಲ್ಕರ ನಾನು,
ತಲೆತುಂಬ ನರೆ.